ಗುಂಡಿಗೆ ಕೆಂಪು ನೀರು ಬಂದ ದಿನ

ಕೊರೊನಾ ತಣ್ಣಗಾದ ಮರುವರ್ಷ. ನಾನಾಗ ತರೀಕೆರೆ ಕಡೆಯ ಒಂದು ಗುಡ್ಡದ ಸೆಕ್ಷನ್ನಿನಲ್ಲಿ ಉಪ ವಲಯ ಅರಣ್ಯಾಧಿಕಾರಿ. ಹೆಸರು ಉದ್ದ, ಅಧಿಕಾರ ಗಿಡ್ಡ. ಜನ ಕರೆಯುವುದು ‘ಫಾರೆಸ್ಟರ್’ ಎಂದು. ಗಾರ್ಡಿಗಿಂತ ಒಂದು ಮೆಟ್ಟಿಲು ಮೇಲೆ, ರೇಂಜರ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಎರಡೂ ಕಡೆಯಿಂದ ಅನ್ನಿಸಿಕೊಳ್ಳುವ ಜಾಗ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಆ ಅಕ್ಟೋಬರಿನ ಒಂದು ಭಾನುವಾರ ಗಿರಿಜಕ್ಕ ಎಂಬ ಹೆಂಗಸಿನ ಪ್ರಾಣ ನನ್ನ ಕೈಯಿಂದ ಹೋಗುವುದರಲ್ಲಿತ್ತು. ಪ್ರಾಣ ಉಳಿದ ಮರುದಿನವೇ ನಾನು ಬರೆದ ಒಂದು ಸಾಲಿನಿಂದ ಆಕೆಯ ಕೆಲಸ ಹೋಗುವುದರಲ್ಲಿತ್ತು. ಮೂವತ್ತಮೂರು ವರ್ಷದ ಸರ್ವೀಸಿನಲ್ಲಿ ನಾನು ಅತಿ ಹೆಚ್ಚು ಜಾಗ್ರತೆ ವಹಿಸಿದ್ದು ಆ ಒಂದು ದಿನಕ್ಕೇ. ಅದಕ್ಕೇ ಇದನ್ನು ಬರೆಯಬೇಕೆನಿಸಿತು.

ನಾನು ಹುಟ್ಟಿದ್ದು ಪಂಚನಹಳ್ಳಿ ಹತ್ತಿರದ ಹಳ್ಳಿಯಲ್ಲಿ. ರಾಗಿ, ತೆಂಗು, ಬೋರ್‌ವೆಲ್ಲಿನ ಸೀಮೆ. ಕೆಲಸ ಮಾಡಿದ್ದೂ ಬಹುಪಾಲು ಬಯಲಲ್ಲೇ. ಅದರಲ್ಲಿ ಹನ್ನೊಂದು ವರ್ಷ ಅಜ್ಜಂಪುರದ ಹತ್ತಿರದ ಒಂದು ನರ್ಸರಿಯಲ್ಲಿ ಕಳೆದೆ. ನರ್ಸರಿ ಎಂದರೆ ಕಾಡಿನ ಸಸಿಗಳನ್ನು ಬೆಳೆಸುವ ಜಾಗ. ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು, ಮರಳು, ಗೊಬ್ಬರ ತುಂಬಿ, ಬೀಜ ಊರಿ, ನೀರು ಹನಿಸಿ, ಮಳೆಗಾಲಕ್ಕೆ ಲಾರಿಗೆ ಹತ್ತಿಸಿ ಕಳಿಸುವುದು. ಆ ಚೀಲವನ್ನು ಎಲ್ಲರೂ ‘ಪ್ಯಾಕೆಟ್’ ಎನ್ನುತ್ತಾರೆ. ಕೆಲಸ ಮಾಡುವವರು ಹನ್ನೆರಡು ಹೆಂಗಸರು, ಎಲ್ಲರೂ ದಿನಗೂಲಿಯವರು, ಸುತ್ತಲಿನ ಹಳ್ಳಿಗಳವರು. ಅವರ ಮುಂದಾಳು ಗಿರಿಜಕ್ಕ. ಐವತ್ತರ ಆಸುಪಾಸು, ಮಾತು ಚುರುಕು, ಕೈ ಅದಕ್ಕಿಂತ ಚುರುಕು. ನಾನು ಒಂದು ಪ್ಯಾಕೆಟ್ ತುಂಬಿ ತಲೆ ಎತ್ತುವುದರೊಳಗೆ ಆಕೆ ಆರು ತುಂಬಿ ನನ್ನನ್ನು ನೋಡಿ ನಗುತ್ತಿದ್ದರು.

ಗುಡ್ಡದ ಸೆಕ್ಷನ್ನಿಗೆ ವರ್ಗವಾದ ಮೇಲೂ ಸಸಿ ತರಲು ಅಲ್ಲಿಗೆ ಹೋಗುತ್ತಿದ್ದೆ. ಆ ವರ್ಷದ ಜುಲೈನಲ್ಲಿ ಲಾರಿಗೆ ಹೊನ್ನೆ, ಮತ್ತಿ ಸಸಿ ಹತ್ತಿಸುವಾಗ ಗಿರಿಜಕ್ಕ ಕೇಳಿದರು:

“ಸಾರ್, ಹದಿನೆಂಟು ವರ್ಷ ಆಯ್ತು ನಾನ್ ಈ ಕೆಲ್ಸಕ್ ಬಂದು. ಇವು ಗೇಣುದ್ದ ಆಗೋ ಗಂಟ ಸಾಕ್ತೀವಿ, ಲಾರಿ ಹತ್ತುಸ್ತೀವಿ. ಆಮೇಲ್ ಏನಾಯ್ತವೋ ಏನೋ. ಒಂದಿನ ಕಾಡ್ ತೋರ್ಸಿ ಸಾರ್ ನಮ್ಗೆ.”

ಪಕ್ಕದಲ್ಲಿದ್ದ ಇನ್ನೊಬ್ಬಾಕೆ, “ಹಂಗೇ ಒಂದ್ ಅಬ್ಬಿನೂ ತೋರ್ಸಿ. ಮೊಬೈಲ್ನಾಗ್ ನೋಡಿದ್ದೇ ಆಯ್ತು,” ಎಂದರು. ಅಬ್ಬಿ ಎಂದರೆ ನಮ್ಮ ಗುಡ್ಡದ ಕಡೆ ಜಲಪಾತ.

ನನಗೆ ನಾಚಿಕೆಯಾಯಿತು. ಲಕ್ಷಗಟ್ಟಲೆ ಮರಕ್ಕೆ ಕೈ ಕೊಟ್ಟವರು ಕಾಡನ್ನೇ ನೋಡಿಲ್ಲ. ‘ಆಗಲಿ’ ಎಂದುಬಿಟ್ಟೆ. ಅಲ್ಲಿಂದ ನನ್ನ ನೆಮ್ಮದಿ ಹೋಯಿತು.

ನೆಮ್ಮದಿ ಹೋಗುವುದು ನನಗೆ ಹೊಸದಲ್ಲ. ಗೇಟಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು, ವಾಪಸ್ ಬಂದು ಬೀಗ ಎಳೆದು ನೋಡುವ ಜಾತಿಯವನು ನಾನು. ನನ್ನ ಸೆಕ್ಷನ್ನಿನಲ್ಲಿ ಒಂದು ಅಬ್ಬಿಯಿತ್ತು, ಅದರ ಬುಡದಲ್ಲಿ ಒಂದು ನೀರಿನ ಗುಂಡಿ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಬಿಯರ್ ಬಾಟಲಿ ಸಮೇತ ಜನ ಬಂದಿಳಿಯುತ್ತಾರೆ. ಜೀಪು ನಿಲ್ಲುವ ಕಡೆಯಿಂದ ಮೂರೂವರೆ ಕಿಲೋಮೀಟರು ಕಾಡಿನೊಳಗೆ ನಡೆಯಬೇಕು. ನಡುವೆ ಒಂದು ಕಡೆ ಹಳ್ಳ ದಾಟಬೇಕು. ನೀರು ಬೀಳುವುದು ಸುಮಾರು ಮೂವತ್ತು ಅಡಿ ಎತ್ತರದಿಂದ. ಬೀಳುವ ಕಡೆ ಎರಡಾಳು ಆಳ, ಬಲಗಡೆ ಚಪ್ಪಟೆ ಬಂಡೆಯ ಮೇಲೆ ಮೊಣಕಾಲು ನೀರು. ಅಲ್ಲಿಂದ ಮೇಲೆ ಹತ್ತಲು ಒಂದೇ ದಾರಿ, ಇಬ್ಬರು ಅಕ್ಕಪಕ್ಕ ಹೋಗಲಾಗದಷ್ಟು ಕಿರಿದು. ಹತ್ತಿದರೆ ಹದಿನೈದು ಅಡಿ ಎತ್ತರದಲ್ಲಿ ಒಂದು ಅಗಲವಾದ ಹಾಸುಬಂಡೆ.

ನಮ್ಮ ರೇಂಜರ್ ಮೇಡಂ ಮೂವತ್ತರ ಹುಡುಗಿ, ಕಟ್ಟುನಿಟ್ಟು. ಅನುಮತಿ ಕೇಳಿದಾಗ, “ಒಂದು ಪುಟದ ಸೇಫ್ಟಿ ಪ್ಲಾನ್ ಕೊಡಿ,” ಎಂದರು. ನಾನು ಕೊಟ್ಟದ್ದು ಒಂಬತ್ತು ಪುಟ. ಮನೆಯಲ್ಲಿ ಊಟದ ಮೇಜಿನ ಮೇಲೆ ಹರಡಿಕೊಂಡು ಬರೆಯುತ್ತಿದ್ದಾಗ ನನ್ನ ಹೆಂಡತಿ, “ಮಗಳ ಮದುವೆಗೂ ಇಷ್ಟು ಪಟ್ಟಿ ಮಾಡ್ಲಿಲ್ಲ ನೀವು,” ಎಂದು ತಟ್ಟೆ ಇಡಲು ಜಾಗ ಮಾಡಿಕೊಂಡಳು.

ಮೊದಲೇ ಮೂರು ಸಲ ಹೋಗಿ ಬಂದೆ. ಮೊದಲ ಸಲ ಬಿದಿರಗಳುವಿಗೆ ಅಡಿಯ ಗುರುತು ಹಾಕಿಕೊಂಡು ಗುಂಡಿಯ ಆಳ ಅಳೆದೆ. ಎರಡನೆಯ ಸಲ ನಮ್ಮ ಗಾರ್ಡ್ ಮಂಜುನಾಥನ ಜೊತೆ ಗಡಿಯಾರ ಹಿಡಿದು ನಡೆದೆ. ಬಯಲಿನ ಹೆಂಗಸರ ನಡಿಗೆ ಎಂದುಕೊಂಡು ನಾವು ಬೇಕೆಂದೇ ನಿಧಾನ ಹೋದೆವು, ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಆನೆ ಓಡಾಡಿದ ಗುರುತು ಹದಿನೈದು ದಿನದಿಂದ ಇರಲಿಲ್ಲ. ಹಳ್ಳ ದಾಟುವ ಜಾಗದಲ್ಲಿ ನೀರು ಏರಿದರೆ ಹಿಂದಿರುಗಲು ಆಗದು. ಅದಕ್ಕೆ ಎರಡನೇ ದಾರಿ ಗೊತ್ತುಮಾಡಿದೆ: ಹಾಸುಬಂಡೆಯಿಂದ ಗುಡ್ಡ ಹತ್ತಿ ಕಾಫಿ ತೋಟದ ರಸ್ತೆಗೆ ಒಂದೂವರೆ ಕಿಲೋಮೀಟರು, ಏರು. ಗುಂಡಿಯ ನೀರು ಹೊರಬೀಳುವ ಬಾಯಿಗೆ, ಈ ಮರದಿಂದ ಆ ಮರಕ್ಕೆ, ಸೊಂಟದ ಮಟ್ಟಕ್ಕೆ ದಪ್ಪನೆಯ ನೈಲಾನ್ ಹಗ್ಗ ಬಿಗಿಯುವುದು, ಜಾರಿದವರಿಗೆ ಹಿಡಿಯಲು. ಅಲ್ಲಿ ಮಂಜುನಾಥ ನಿಲ್ಲುವುದು. ರಕ್ತ ಹೀರುವ ಇಂಬಳಕ್ಕೆ ಉಪ್ಪು, ಸುಣ್ಣ. ಕೈಕಾಲು ಮುರಿದರೆ ಕಟ್ಟಲು ದಬ್ಬೆ, ಬ್ಯಾಂಡೇಜು. ಹವಾಯಿ ಚಪ್ಪಲಿ ನಿಷೇಧ. ಹನ್ನೆರಡು ಜೊತೆ ಕ್ಯಾನ್ವಾಸ್ ಶೂ ಅಲ್ಲಿ ಇಲ್ಲಿ ಬೇಡಿ ತಂದು ವಾರ ಮೊದಲೇ ನರ್ಸರಿಗೆ ಕಳಿಸಿದೆ. ಸೀರೆಯುಟ್ಟು ಶೂ ಹಾಕಿಕೊಂಡು ಸಸಿಯ ಮಡಿಗಳ ನಡುವೆ ಅವರು ನಡೆದು ಅಭ್ಯಾಸ ಮಾಡಿದ್ದನ್ನು ನೋಡಿ ಇಡೀ ನರ್ಸರಿ ನಕ್ಕಿತಂತೆ. ನೀರಿನಲ್ಲೂ ಶೂ ಬಿಚ್ಚಬಾರದು ಎಂದಿದ್ದೆ, ಪಾಚಿಬಂಡೆ ಜಾರುತ್ತದೆ.

ಮೂರನೆಯ ಸಲ ಜೊತೆಗೆ ಬಂದದ್ದು ನಮ್ಮ ವಾಚರ್ ತಿಮ್ಮಯ್ಯ. ಅಲ್ಲೇ ಗುಡ್ಡದ ಮೇಲಿನ ಆರು ಮನೆಯ ಹಾಡಿಯವನು. ಅಬ್ಬಿಯ ನೆತ್ತಿಯ ಮೇಲೆ ನಿಂತು ಅವನು ಹೇಳಿದ್ದು ಇಷ್ಟು:

“ಸಾರ್, ನಿಮ್ ಬಯಲ್ನೋರು ಮ್ಯಾಲೆ ಮೋಡ ನೋಡ್ತೀರ. ಇಲ್ಲಿ ಅದನ್ನ ನಂಬ್ಬೇಡಿ. ಆ ಕಡೆ ಗುಡ್ಡದ್ ಹಿಂದೆ ಹುಯ್ದ್ರೆ, ಇಲ್ಲಿ ಬಿಸ್ಲು ಇದ್ದಂಗೇ ಹಳ್ಳ ಬಂದ್ಬಿಡುತ್ತೆ. ಸಂಕ್ರಾಂತಿ ಕಳುದ್ಮೇಲೆ ಕರ್ಕಂಡ್ ಬನ್ನಿ.”

ಸಂಕ್ರಾಂತಿಯ ಹೊತ್ತಿಗೆ ನರ್ಸರಿಯಲ್ಲಿ ಬಿತ್ತನೆ ಶುರು, ಯಾರಿಗೂ ಬಿಡುವಿರುವುದಿಲ್ಲ. ಅಕ್ಟೋಬರೇ ಅವರಿಗೆ ಕೆಲಸ ಹಗುರ. ಚಿತ್ತಾ ಮಳೆ ಬಂದರೂ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬರುತ್ತದೆ, ನಾವು ಹನ್ನೆರಡಕ್ಕೆ ಗುಂಡಿ ಬಿಟ್ಟಿರುತ್ತೇವೆ ಎಂದು ಲೆಕ್ಕ ಹಾಕಿದೆ. ಆದರೂ ತಿಮ್ಮಯ್ಯನ ಮಾತು ಕೊರೆಯುತ್ತಿತ್ತು. ಅದಕ್ಕೆ ಅವನನ್ನೇ ಅಬ್ಬಿಯ ನೆತ್ತಿಯಲ್ಲಿ ಕಾವಲಿಗೆ ನಿಲ್ಲಿಸಿ, ಮೇಲಿನ ಹಳ್ಳದ ತಿರುವನ್ನು ನೋಡುತ್ತಿರಲು ಹೇಳುವುದೆಂದಾಯಿತು. ನೀರಿನ ಬಣ್ಣ ಬದಲಾದ ಕೂಡಲೇ ಕೆಳಗಿನವರಿಗೆ ಗೊತ್ತಾಗಬೇಕು. ಆದರೆ ಹೇಗೆ? ಕೂಗಿದರೆ ಅಬ್ಬಿಯ ಸದ್ದಿನಲ್ಲಿ ಏನೂ ಕೇಳದು. ವಾಕಿಟಾಕಿ ಆ ಕೊರಕಲಿನಲ್ಲಿ ಕೆಲಸ ಮಾಡದು. ಪಿ.ಟಿ. ಮೇಷ್ಟ್ರ ಸೀಟಿ ತಂದು ಊದಿಸಿದೆ, ದಡದಲ್ಲಿ ಕೇಳಿತು, ನೀರಿನಲ್ಲಿ ನಿಂತರೆ ಕೇಳಲಿಲ್ಲ. ಕೊನೆಗೆ ಕ್ವಾರ್ಟರ್ಸಿನ ಪಕ್ಕದ ಆಂಜನೇಯನ ಗುಡಿಯ ಜಾಗಟೆ ನೆನಪಾಯಿತು. ಅರ್ಚಕರನ್ನು ಕೇಳಿ ತಂದು ಬಾರಿಸಿ ನೋಡಿದೆವು. ಗುಂಡಿಯ ನಡುವೆ ನಿಂತರೂ ಎದೆಗೆ ಬಡಿದಂತೆ ಕೇಳಿತು. ‘ಇದಕ್ಕಿಂತ ಬೇರೆ ಬೇಕೇ?’ ಎಂದು ಹಿಗ್ಗಿದೆ. ಒಂಬತ್ತನೆಯ ಪುಟದಲ್ಲಿ ‘ಅಪಾಯದ ಸೂಚನೆ: ಜಾಗಟೆ’ ಎಂದು ಬರೆದು ಅಡಿಗೆರೆ ಎಳೆದೆ.

ಆ ಭಾನುವಾರ ಬೆಳಗ್ಗೆ ಆರಕ್ಕೆ ಟೆಂಪೋ ಅಜ್ಜಂಪುರ ಬಿಟ್ಟಿತು. ಹನ್ನೆರಡೂ ಜನ ಬಂದಿದ್ದರು. ತಲೆ ತುಂಬ ಸೇವಂತಿಗೆ, ಚೀಲದಲ್ಲಿ ರೊಟ್ಟಿ, ಚಟ್ನಿಪುಡಿ, ಕಾಲಲ್ಲಿ ಬಿಳಿ ಶೂ. ನಾನು ಎರಡು ಸಲ ಎಣಿಸಿದೆ. ಜೀಪಿನ ಜಾಗದಲ್ಲಿ ಇಳಿದ ಮೇಲೆ ಮತ್ತೆ ಎಣಿಸಿದೆ. “ಸಾರ್, ನಾವೇನ್ ಕುರಿಗಳಾ?” ಎಂದು ಯಾರೋ ಅಂದರು. ನಕ್ಕೆ, ಆದರೆ ಎಣಿಸುವುದನ್ನು ಬಿಡಲಿಲ್ಲ.

ಕಾಡಿನ ದಾರಿಯಲ್ಲಿ ಹದಿನೇಳು ವರ್ಷದ ಹಿಂದಿನ ಒಂದು ನೆಡುತೋಪು ಸಿಗುತ್ತದೆ. ಅಲ್ಲಿ ನಿಂತು, “ಇವೆಲ್ಲ ನಿಮ್ಮ ನರ್ಸರಿಯಿಂದ ಬಂದವು,” ಎಂದೆ. ಗಿರಿಜಕ್ಕ ಒಂದು ಹೊನ್ನೆಮರವನ್ನು ತಬ್ಬಿ ನೋಡಿದರು, ಎರಡು ಕೈ ಒಂದಕ್ಕೊಂದು ಮುಟ್ಟಲಿಲ್ಲ. “ಅಯ್ಯೋ ನನ್ ಕಂದ, ಎಷ್ಟ್ ದಪ್ಪ ಆಗ್ಬಿಟ್ಟಿದ್ದೀಯ,” ಎಂದರು. ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಏಳು ನಿಮಿಷ ತಡವಾಗಿತ್ತು.

ಗುಂಡಿ ತಲುಪಿದಾಗ ಹನ್ನೊಂದು ಗಂಟೆ. ಬಿಸಿಲಿತ್ತು, ತಲೆಯ ಮೇಲೆ ಮೋಡದ ಚೂರೂ ಇರಲಿಲ್ಲ. ಮಂಜುನಾಥ ಹಗ್ಗ ಬಿಗಿದ. ತಿಮ್ಮಯ್ಯ ಜಾಗಟೆ ಹಿಡಿದು ನೆತ್ತಿಗೆ ಹೋದ. ನೀರಿಗಿಳಿಯುವ ಮೊದಲು ಎರಡು ಸಲ ತಾಲೀಮು ಮಾಡಿಸಿದೆ. ತಿಮ್ಮಯ್ಯ ಜಾಗಟೆ ಬಾರಿಸಿದ, ಹನ್ನೆರಡೂ ಜನ ಒಬ್ಬರ ಹಿಂದೊಬ್ಬರು ಹಾಸುಬಂಡೆ ಹತ್ತಿದರು. ಮೊದಲ ಸಲ ಐವತ್ತೈದು ಸೆಕೆಂಡು, ಎರಡನೆಯ ಸಲ ನಲವತ್ತು. ನನಗೆ ಅವತ್ತು ಮೊದಲ ಬಾರಿಗೆ ಉಸಿರು ಸಲೀಸಾಯಿತು.

ಆಗ ಗಿರಿಜಕ್ಕ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದರು. ಒಳಗೆ ಅರಿಶಿನ, ಕುಂಕುಮ, ಎರಡು ಹೂವು.

“ಸಾರ್, ಐದ್ ನಿಮಿಷ. ಗಂಗಮ್ಮಂಗೆ ಒಂದ್ ಹೂವ ಏರ್ಸಿ ಇಳೀತೀವಿ.”

“ಪೂಜೆಗೀಜೆ ಏನೂ ಬೇಡಮ್ಮ. ಈಗಲೇ ತಡವಾಗಿದೆ. ಹನ್ನೆರಡಕ್ಕೆ ಸರಿಯಾಗಿ ಹೊರಡಬೇಕು,” ಎಂದೆ. ಒಂಬತ್ತು ಪುಟದಲ್ಲಿ ಆ ಐದು ನಿಮಿಷಕ್ಕೆ ಜಾಗವಿರಲಿಲ್ಲ. ಆಕೆ ಹೂವನ್ನು ವಾಪಸ್ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವರು ನೀರಿನಲ್ಲಿ ಆಡಿದ್ದನ್ನು ನೋಡಬೇಕಿತ್ತು. ಮೊಮ್ಮಕ್ಕಳು ಇದ್ದವರು ಒಬ್ಬರ ಮೇಲೊಬ್ಬರು ನೀರೆರಚಿ ಕಿರುಚುತ್ತಿದ್ದರು. ನಾನು ದಡದ ಬಂಡೆಯ ಮೇಲೆ ಬೆನ್ನು ತಿರುಗಿಸಿ, ಆಗಾಗ ಓರೆಗಣ್ಣಿನಿಂದ ಎಣಿಸುತ್ತ ನಿಂತಿದ್ದೆ. ಹನ್ನೊಂದೂಮುಕ್ಕಾಲಿಗೆ ಜಾಗಟೆ ಹೊಡೆಯಿತು.

ನಾನು ತಿರುಗಿದೆ. ಬೆಳ್ಳಗೆ ಬೀಳುತ್ತಿದ್ದ ನೀರಿನ ನಡುವೆ ಕೆಮ್ಮಣ್ಣಿನ ಬಣ್ಣದ ಒಂದು ಎಳೆ ಇಳಿಯಿತು. ನೋಡನೋಡುತ್ತ ಅದು ಅಗಲವಾಯಿತು. ಒಣಗಿದೆಲೆ, ಕಡ್ಡಿ ತೇಲಿ ಬಂದವು. ಯಾರೋ ಒಬ್ಬಾಕೆ ಖುಷಿಯಿಂದ ಕೂಗಿದರು:

“ಹೊಸ ನೀರು ಬಂತು ಕಣ್ರೇ! ಗಂಗಮ್ಮ ಬಂದ್ಲು!”

ಬಯಲುಸೀಮೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಳ್ಳದಲ್ಲಿ ಕೆಂಪು ನೀರು ಬಂದರೆ ಊರಿಗೆ ಊರೇ ಓಡುತ್ತದೆ, ನೀರಿನಿಂದ ದೂರಕ್ಕಲ್ಲ, ನೀರಿನ ಕಡೆಗೆ. ಕೆರೆಗೆ ಹೊಸ ನೀರು ಬಂತೆಂದರೆ ಗುಡಿಯ ಜಾಗಟೆ ಬಾರಿಸುತ್ತಾರೆ. ಹೆಂಗಸರು ಹೂವು, ಕುಂಕುಮ ಹಿಡಿದು ಹಳ್ಳದ ಬಾಯಿಗೆ ಹೋಗುತ್ತಾರೆ. ಮೊದಲ ನೀರನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು ತಲೆಗೆ ಪ್ರೋಕ್ಷಿಸಿಕೊಳ್ಳುವುದು ರೂಢಿ. ವರ್ಷದಲ್ಲಿ ಅದಕ್ಕಿಂತ ದೊಡ್ಡ ಸಂತೋಷ ನಮಗಿಲ್ಲ. ಜಾಗಟೆ, ಕೆಂಪು ನೀರು, ಎರಡೂ ಒಟ್ಟಿಗೆ ಬಂದಾಗ ನಮ್ಮ ಮೈಗೆ ಗೊತ್ತಿರುವುದು ಒಂದೇ ಕೆಲಸ. ಅದನ್ನೆಲ್ಲ ಬಲ್ಲ ನಾನು, ಅಪಾಯದ ಸೂಚನೆಯಾಗಿ ಆರಿಸಿದ್ದು ಜಾಗಟೆಯನ್ನು!

ಹನ್ನೆರಡು ಜೊತೆ ಕೈ ಮುಗಿದುಕೊಂಡವು. ಹೇಳಲು ಸಂಕಟವಾಗುವುದು ಮುಂದಿನ ಮಾತು. ನಾನೂ ಬಗ್ಗಿದೆ. ಬೂಟುಗಾಲಲ್ಲೇ ಬಂಡೆಯ ಅಂಚಿಗೆ ಕೂತು, ಬೊಗಸೆಯಲ್ಲಿ ಆ ಕೆಂಪು ನೀರು ತೆಗೆದು ಕಣ್ಣಿಗೆ ಒತ್ತಿಕೊಂಡೆ. ನಾಲ್ಕೈದು ಕ್ಷಣ ಇರಬಹುದು. ಆ ಹೊತ್ತಿನಲ್ಲಿ ನಾನು ಫಾರೆಸ್ಟರ್ ಆಗಿರಲಿಲ್ಲ, ಏಳು ವರ್ಷದವನಿದ್ದಾಗ ನಮ್ಮ ಕೆರೆಯ ಏರಿಯ ಮೇಲೆ ಅಮ್ಮನ ಪಕ್ಕ ನಿಂತಿದ್ದವನಾಗಿದ್ದೆ. ಕಣ್ಣು ತೆರೆದಾಗ ಅಬ್ಬಿಯ ನೆತ್ತಿಯಿಂದ ತೊಡೆಗಾತ್ರದ ಒಂದು ಮರದ ತುಂಡು ಉರುಳಿ ಗುಂಡಿಗೆ ಬಿತ್ತು. ಮೇಲೆ ತಿಮ್ಮಯ್ಯ ಜಾಗಟೆ ಎಸೆದು ಎರಡೂ ಕೈ ಬೀಸುತ್ತ ಬಾಯಿ ತೆರೆದು ಕೂಗುತ್ತಿದ್ದ, ಏನೂ ಕೇಳುತ್ತಿರಲಿಲ್ಲ.

“ಹತ್ರೀ! ಮೇಲಕ್ಕೆ ಹತ್ರೀ!” ಎಂದು ಕಿರುಚಿದೆ. ಹತ್ತಿರ ಇದ್ದವರ ಕೈ ಹಿಡಿದು ದಾರಿಗೆ ನೂಕಿದೆ. ಕಿರಿದಾದ ದಾರಿ, ಒದ್ದೆ ಸೀರೆ, ಒಬ್ಬರ ಕಾಲಿಗೊಬ್ಬರು. ಹನ್ನೊಂದು ಎಣಿಸಿದೆ. ಹನ್ನೆರಡನೆಯದು ಸಿಗಲಿಲ್ಲ.

ಗಿರಿಜಕ್ಕ ಎಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆ, ನೀರಿನ ಒಳಗೆ ಇದ್ದರು. ಕೈಯಲ್ಲಿ ಹೂವಿತ್ತು. ತಿರುಗಿ ಹೆಜ್ಜೆ ಇಡುವುದರೊಳಗೆ ಮೊಣಕಾಲಿನ ನೀರು ಸೊಂಟಕ್ಕೆ ಬಂತು, ಕಾಲು ಕಿತ್ತಿತು. ಆಕೆಯ ತಲೆ ಒಮ್ಮೆ ಮುಳುಗಿ ಎದ್ದದ್ದು ಕಂಡಿತು, ಮತ್ತೆ ಕೆಂಪು ನೀರು ಮಾತ್ರ. ನಾನು ದಡದುದ್ದಕ್ಕೂ ಓಡಿದೆ. ಹಗ್ಗದ ಹತ್ತಿರ ಮಂಜುನಾಥ ಆಗಲೇ ಒಂದು ಕೈ ಮರಕ್ಕೆ ಸುತ್ತಿ ನೀರಿಗಿಳಿದಿದ್ದ. ಗಿರಿಜಕ್ಕ ಬಂದು ಹಗ್ಗಕ್ಕೆ ಬಡಿದರು, ಎಡಗೈಯಿಂದ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಬಲಗೈ ಬಂಡೆಗೂ ತೇಲಿ ಬಂದ ಮರಕ್ಕೂ ನಡುವೆ ಸಿಕ್ಕಿತ್ತು. ಮಂಜುನಾಥ ಸೆರಗು ಹಿಡಿದ, ನಾನು ರಟ್ಟೆ ಹಿಡಿದೆ. ಇಬ್ಬರೂ ಸೇರಿ ಎಳೆದು ಮೇಲೆ ಹಾಕಿದೆವು. ನಾವು ಹಾಸುಬಂಡೆ ಸೇರುವ ಹೊತ್ತಿಗೆ ಹಗ್ಗ ಕಟ್ಟಿದ್ದ ಮರಗಳ ಅರ್ಧ ಮೈ ನೀರಿನಲ್ಲಿತ್ತು. ತಲೆಯ ಮೇಲೆ ಇನ್ನೂ ಬಿಸಿಲಿತ್ತು.

ಬಲಗೈ ಮೊಣಕೈಯ ಕೆಳಗೆ ಎರಡು ಕಡೆ ಮುರಿದಿತ್ತು. ದಬ್ಬೆ ಕಟ್ಟಿದೆ. ಹಳ್ಳ ದಾಟುವ ಮಾತೇ ಇರಲಿಲ್ಲ. ಎರಡನೇ ದಾರಿ ಹಿಡಿದು ಗುಡ್ಡ ಹತ್ತಿದೆವು, ತಿಮ್ಮಯ್ಯ ಮುಂದೆ, ನಾನು ಹಿಂದೆ. ಆ ಒಂದೂವರೆ ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ಗಿರಿಜಕ್ಕ ನೋವಿಗೆ ಹಲ್ಲು ಕಚ್ಚಿಕೊಂಡು ನಡೆದರು. ಆಡಿದ್ದು ಒಂದೇ ಮಾತು: “ಸಾರ್, ಒಂದ್ ಶೂ ಕೊಚ್ಕಂಡ್ ಹೋಯ್ತು. ಯಾರ್ದೋ ಏನೋ ಪಾಪ.” ತೋಟದ ರಸ್ತೆ ಸೇರಿ ಫೋನ್ ಮಾಡಿದ ಮೇಲೆ ಜೀಪು ಬಂತು, ಸಂಜೆಯೊಳಗೆ ತರೀಕೆರೆಯ ಆಸ್ಪತ್ರೆ ಸೇರಿದೆವು.

ಸೋಮವಾರ ಬೆಳಗ್ಗೆ ವರದಿ ಬರೆಯಲು ಕೂತೆ. ಸಮಯ, ಅಡಿ, ಮೀಟರು, ಎಲ್ಲವೂ ಇತ್ತು. ‘ಅವಘಡಕ್ಕೆ ಕಾರಣ’ ಎಂಬ ಕಡೆ ಪೆನ್ನು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಬರೆದೆ: ‘ಮುಂಚಿತವಾಗಿ ತಿಳಿಸಿ ಎರಡು ಬಾರಿ ತಾಲೀಮು ನಡೆಸಿದ್ದರೂ, ಭಾಗವಹಿಸಿದವರು ಸೂಚನೆ ಪಾಲಿಸದೆ ನೀರಿನತ್ತ ಹೋದದ್ದು.’ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಬಗ್ಗಿದ್ದನ್ನು ಯಾರೂ ನೋಡಿಲ್ಲ, ಎಲ್ಲರ ಮುಖವೂ ನೀರಿನ ಕಡೆಗಿತ್ತು ಎಂದುಕೊಂಡಿದ್ದೆ.

ವಾರದೊಳಗೆ ಆ ಸಾಲು ತನ್ನ ಕೆಲಸ ಮಾಡಿತು. ಸೂಚನೆ ಪಾಲಿಸದ ದಿನಗೂಲಿಯವರನ್ನು ಮುಂದಿನ ತಿಂಗಳಿಂದ ಹಾಜರಿಗೆ ತೆಗೆದುಕೊಳ್ಳುವುದು ಬೇಡ, ಮೊದಲಿಗೆ ಗಿರಿಜಮ್ಮ ಎಂಬುವವರ ಹೆಸರು ಕೈಬಿಡಿ ಎಂಬ ಮಾತು ಮೇಲಿನಿಂದ ಬಂತು. ಮಂಜುನಾಥ ನನಗೆ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ಊಟ ಸೇರದಾಯಿತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಫೈಲು ತೆಗೆಯುವುದು, ಮುಚ್ಚುವುದು. ಹತ್ತನೆಯ ದಿನ ಬೈಕ್ ಹತ್ತಿ ಗಿರಿಜಕ್ಕನ ಊರಿಗೆ ಹೋದೆ.

ಕೈಗೆ ಪ್ಲಾಸ್ಟರ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಸೊಸೆ ಚಾಪೆ ಹಾಸಿ ಕಾಫಿ ಕೊಟ್ಟಳು. ಕೆಲಸದ ವಿಷಯ ಆಕೆಗೆ ಗೊತ್ತಾಗಿತ್ತು. ಅದನ್ನು ಎತ್ತಲಿಲ್ಲ. ನಾನೇ ತಡೆಯಲಾರದೆ ಕೇಳಿದೆ, ಕೇಳಿದ್ದರಲ್ಲೂ ಒಂದಿಷ್ಟು ಆಕ್ಷೇಪಣೆ ಇತ್ತು:

“ಅಲ್ಲಮ್ಮ, ಜಾಗಟೆ ಹೊಡೆದ ಕೂಡ್ಲೇ ಮೇಲೆ ಹತ್ತಿ ಅಂತ ಅಷ್ಟು ಹೇಳಿದ್ದೆನಲ್ಲ. ನೀವಾದರೂ ಯಾಕೆ ಮುಂದೆ ಹೋದ್ರಿ?”

ಗಿರಿಜಕ್ಕ ನನ್ನನ್ನು ಒಂದು ಥರ ನೋಡಿದರು.

“ಜಾಗಟೆ ಹೊಡೀತು. ಕೈ ಮುಗುದ್ವಿ, ನಿಜ. ಆಮೇಲ್ ನೀವ್ ಹೇಳಿದ್ದು ಗ್ಯಾಪ್ಕ ಬಂತು, ಹತ್ತಾಣ ಅಂತ ತಿರಿಕ್ಕಂಡೆ ಸಾರ್. ತಿರಿಕ್ಕಂಡ್ರೆ ನೀವ್ ಬಗ್ಗಿ ನೀರ್ ತಕ್ಕಂಡು ಕಣ್ಣಿಗ್ ಒತ್ಕಂತಿದ್ರಿ. ಸಾರೇ ಕೈ ಮುಗೀತಾವ್ರೆ, ಅಂದ್ಮೇಲೆ ಭಯ ಇಲ್ಲ ಅಂದ್ಕಂಡೆ. ಬೆಳಗ್ಗೆಯಿಂದ ಹೂವ ಸೊಂಟ್ದಾಗೇ ಇತ್ತು, ಏರ್ಸಾಣ ಅಂತ ಹೋದೆ.”

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆಕೆ ಸೂಚನೆ ಮೀರಿರಲಿಲ್ಲ. ನನ್ನನ್ನು ನೋಡಿ, ನಾನು ಮಾಡಿದ್ದನ್ನೇ ಮಾಡಿದ್ದರು. ಕೆಲಸ ಹೋಗುವ ಹೊತ್ತಿನಲ್ಲೂ ಆ ಮಾತನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

“ಇದನ್ನ ಯಾಕಮ್ಮ ಯಾರಿಗೂ ಹೇಳ್ಲಿಲ್ಲ?” ಎಂದೆ.

“ಹೇಳಿ? ನಿಮ್ ಕೆಲ್ಸಕ್ ಕುತ್ತು ತರಾಣ ಅಂತೀರಾ?” ಎಂದರು. “ನೀವೇನ್ ಬೇಕಂತ ಮಾಡುದ್ರಾ? ಗಂಗಮ್ಮ ಬಂದ್ರೆ ಕೈ ಸುಮ್ನಿರ್ತದಾ ಸಾರ್.”

ವಾಪಸ್ ಬರುವಾಗ ಬೀರೂರಿನ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಹೆಲ್ಮೆಟ್ಟಿನೊಳಗೆ ಅತ್ತೆ. ಯಾರಿಗೂ ಕಾಣಲಿಲ್ಲ.

ಮರುದಿನ ರೇಂಜರ್ ಮೇಡಂ ಮುಂದೆ ಎರಡನೆಯ ವರದಿ ಇಟ್ಟೆ. ಒಂದೇ ಪುಟ. ಬಯಲಿನ ಜನಕ್ಕೆ ಜಾಗಟೆಯನ್ನು ಅಪಾಯದ ಸೂಚನೆಯಾಗಿ ಆರಿಸಿದ್ದು ನನ್ನ ತಪ್ಪು, ಅವರು ಕೇಳಿದ ಐದು ನಿಮಿಷ ಕೊಡದಿದ್ದದ್ದು ನನ್ನ ತಪ್ಪು, ಸೂಚನೆ ಬಂದಾಗ ಮೇಲ್ವಿಚಾರಣೆಯಲ್ಲಿದ್ದ ನಾನೇ ನೀರಿಗೆ ಬಗ್ಗಿದ್ದು, ಅದನ್ನು ನೋಡಿ ಗಿರಿಜಮ್ಮ ಮುಂದೆ ಹೋದದ್ದು, ಮೊದಲ ವರದಿಯಲ್ಲಿ ನಾನು ಇದನ್ನು ಮುಚ್ಚಿಟ್ಟದ್ದು. ಮೇಡಂ ಎರಡು ಸಲ ಓದಿದರು.

“ಇದನ್ನು ಕಳಿಸಿದರೆ ನಿಮಗೆ ನೋಟಿಸ್ ಬರುತ್ತೆ. ಇನ್ನೆರಡು ವರ್ಷ ಸರ್ವೀಸ್ ಇದೆ. ಯೋಚನೆ ಮಾಡಿದ್ದೀರಾ?”

“ಹತ್ತು ದಿನದಿಂದ ಅದನ್ನೇ ಮಾಡ್ತಿದ್ದೀನಿ ಮೇಡಂ. ಕಳಿಸಿ.”

ನೋಟಿಸ್ ಬಂತು. ವಿಚಾರಣೆಯಾಯಿತು. ನನ್ನ ಸೇವಾ ಪುಸ್ತಕದಲ್ಲಿ ‘ಎಚ್ಚರಿಕೆ ನೀಡಲಾಗಿದೆ’ ಎಂಬ ಮಾತು ಸೇರಿತು, ಇವತ್ತಿಗೂ ಇದೆ. ಗಿರಿಜಕ್ಕನ ಹೆಸರು ಹಾಜರಿಯಲ್ಲಿ ಉಳಿಯಿತು. ಆಕೆಯ ಬಲಗೈ ಮೊದಲಿನಂತೆ ಪೂರ್ತಿ ಮಡಚಲಿಲ್ಲ. ಪ್ಯಾಕೆಟ್ ತುಂಬುವುದು ಬಿಟ್ಟು ಬೀಜ ಆರಿಸುವ ಕೆಲಸಕ್ಕೆ ಕೂತರು. ಅದನ್ನು ನೋಡಿದಾಗಲೆಲ್ಲ ನನಗೆ ಆಗುವ ಸಂಕಟಕ್ಕೆ ಯಾವ ನೋಟಿಸೂ ಸಮವಲ್ಲ.

ಫೆಬ್ರವರಿಯ ಕೊನೆಗೆ, ಬಿತ್ತನೆಯ ನಡುವೆಯೇ ಒಂದು ದಿನ ಬಿಡುವು ಮಾಡಿಸಿ, ಅದೇ ಹನ್ನೆರಡು ಜನರನ್ನು ಮತ್ತೆ ಕರೆದುಕೊಂಡು ಹೋದೆ. ಮೇಡಂ ಒಪ್ಪಿದರು, ಈ ಸಲ ತಾವೂ ಬಂದರು. ಹಳ್ಳ ಸಣ್ಣಗೆ ಹರಿಯುತ್ತಿತ್ತು. ಸೂಚನೆಗೆ ಗಾಳಿಯ ಡಬ್ಬಿಯಿಂದ ಊದುವ ಲಾರಿ ಹಾರ್ನ್ ತಂದಿದ್ದೆ, ಅದರ ಕರ್ಕಶಕ್ಕೆ ಯಾವ ದೇವರೂ ನೆನಪಾಗುವುದಿಲ್ಲ. ಪ್ಲಾನಿನಲ್ಲಿ ಗುಂಡಿ ತಲುಪಿದ ಮೇಲಿನ ಮೊದಲ ಕೆಲಸವಾಗಿ ‘ಹತ್ತು ನಿಮಿಷ, ಗಂಗಮ್ಮನ ಪೂಜೆ, ಹಾಸುಬಂಡೆಯ ಮೇಲೆ ಕೊಡದಲ್ಲಿ ತುಂಬಿಟ್ಟ ನೀರಿಗೆ’ ಎಂದು ಬರೆದಿದ್ದೆ. ಪೂಜೆಯಾದ ಮೇಲೆ ಉಳಿದವರು ನೀರಿಗಿಳಿದರು. ಗಿರಿಜಕ್ಕ ಇಳಿಯಲಿಲ್ಲ, ನನ್ನ ಪಕ್ಕ ಬಂಡೆಯ ಮೇಲೆ ಕೂತರು.

“ಯಾಕಮ್ಮ, ಭಯನಾ?” ಎಂದೆ.

“ಭಯ ಏನಿಲ್ಲ. ನೀವ್ ಅವ್ರನ್ ನೋಡ್ಕಳಿ ಸಾರ್,” ಎಂದರು. “ನಾನ್ ನಿಮ್ಮನ್ ನೋಡ್ಕಂತೀನಿ.”

ಒಂಬತ್ತು ಪುಟದಲ್ಲಿ ನಾನು ಆನೆ, ಹಾವು, ಪಾಚಿ, ಪ್ರವಾಹ, ಎಲ್ಲದರ ಭಯವ‍ನ್ನೂ ಬರೆದಿದ್ದೆ. ಬಂದವರಿಗೆ ಯಾವುದರಲ್ಲಿ ಸಂತೋಷ, ಯಾವುದಕ್ಕೆ ಅವರ ಕೈ ತಾನಾಗಿ ಮುಗಿಯುತ್ತದೆ ಎಂದು ಕೇಳಿರಲಿಲ್ಲ. ನನ್ನನ್ನೇ ನಾನು ಕೇಳಿಕೊಂಡಿರಲಿಲ್ಲ. ಜನರನ್ನು ಕರೆದುಕೊಂಡು ಹೋಗುವವನ ಬಾಯಿ ಏನು ಹೇಳಿತೆಂಬುದನ್ನು ಅವರು ಮರೆಯಬಹುದು, ಅವನ ಮೈ ಏನು ಮಾಡಿತೆಂಬುದನ್ನು ನೋಡಿಯೇ ನೋಡುತ್ತಾರೆ. ಇದನ್ನು ನನಗೆ ಕಲಿಸಲು ಒಬ್ಬಾಕೆ ತನ್ನ ಬಲಗೈ ಕೊಡಬೇಕಾಯಿತು. ನಿವೃತ್ತಿಯಾದ ಮೇಲೂ ಎಲ್ಲಾದರೂ ನೀರಿನ ದಡದಲ್ಲಿ ನಿಂತರೆ, ನನ್ನ ಎರಡೂ ಕೈ ಎಲ್ಲಿವೆ ಎಂದು ಮೊದಲು ನೋಡಿಕೊಳ್ಳುತ್ತೇನೆ.